ನರ್ಸಿಂಗ್ ಹೋಮ್‌ಗೆ ಐದು ಸ್ಟಾರ್ ಇದ್ದರೆ ಸಾಕೇ? ಮಾಲೀಕರು ಯಾರೆಂದೂ ನೋಡಬೇಕೇ?

ರಾರಿಟನ್ ದಂಡೆಯವಳು (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಅಪ್ಪನಿಗೆ 79 ವರ್ಷ. ಒಂಬತ್ತು ವರ್ಷಗಳಿಂದ ನಮ್ಮ ಜೊತೆಯಲ್ಲೇ ಇದ್ದಾರೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ತುಂಬಿದ ಮೇಲೆ ತಿಂಗಳ ಕಂತು ಕಟ್ಟಿ ಮೆಡಿಕೇರ್ (ಇಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಮಾಡಿಸಿದ್ದೆವು. ಕಳೆದ ವಾರ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿದಿದೆ, ಬುದ್ಧಿ ಚುರುಕಾಗಿದೆ, ಆದರೆ ಎಡಗೈ ಎಡಗಾಲು ಸ್ವಾಧೀನದಲ್ಲಿಲ್ಲ.

ಇವತ್ತು ಮಧ್ಯಾಹ್ನ ಆಸ್ಪತ್ರೆಯವರು ಹನ್ನೊಂದು ನರ್ಸಿಂಗ್ ಹೋಮ್‌ಗಳ ಹೆಸರಿದ್ದ ಒಂದು ಹಾಳೆ ಕೈಗಿತ್ತರು. "ಇಂಥದ್ದೇ ಒಳ್ಳೆಯದು ಎಂದು ನಾವು ಹೇಳುವಂತಿಲ್ಲ, ಸೋಮವಾರ ಬೆಳಿಗ್ಗೆ ಹತ್ತರೊಳಗೆ ನಿಮ್ಮ ಆಯ್ಕೆ ತಿಳಿಸಿ" ಎಂದರು. ಕುಕ್ಕರ್ ಕೊಳ್ಳುವಾಗಲೂ ನಾನು ಇದಕ್ಕಿಂತ ಹೆಚ್ಚು ದಿನ ವಿಚಾರಿಸುತ್ತೇನೆ. ಅಪ್ಪನನ್ನು ಎಲ್ಲಿ ಮಲಗಿಸಬೇಕು ಎಂದು ತೀರ್ಮಾನಿಸಲು ಎರಡೂವರೆ ದಿನ.

ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರ ಸ್ಟಾರ್ ಕೊಡುವ ಮೆಡಿಕೇರ್‌ನ ಕೇರ್ ಕಂಪೇರ್ ತಾಣದಲ್ಲಿ ಸಂಜೆಯಿಂದ ಕೂತು ಮೂರಕ್ಕೆ ಇಳಿಸಿದ್ದೇನೆ. ಹೆಸರು ಬರೆಯುವುದಿಲ್ಲ, ಅ, ಆ, ಇ ಎಂದು ಕರೆಯುತ್ತೇನೆ.

ಅ: ಒಟ್ಟು 5 ಸ್ಟಾರ್. ತಪಾಸಣೆ 4, ಸಿಬ್ಬಂದಿ 2, ಗುಣಮಟ್ಟದ ಅಳತೆ 5. ಲಾಭಕ್ಕಾಗಿ ನಡೆಯುವ ದೊಡ್ಡ ಸರಣಿಯೊಂದಕ್ಕೆ ಸೇರಿದ್ದು.

ಆ: ಒಟ್ಟು 4. ತಪಾಸಣೆ 3, ಸಿಬ್ಬಂದಿ 5, ಅಳತೆ 3. ಚರ್ಚಿನವರ ಲಾಭರಹಿತ ಸಂಸ್ಥೆ.

ಇ: ಒಟ್ಟು 3. ತಪಾಸಣೆ 3, ಸಿಬ್ಬಂದಿ 4, ಅಳತೆ 3. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸರ್ಕಾರದ್ದು.

ಸಿಬ್ಬಂದಿಗೆ ಎರಡೇ ಸ್ಟಾರ್ ಇರುವ ಜಾಗಕ್ಕೆ ಒಟ್ಟು ಐದು ಹೇಗೆ ಬಂತು? ಈ ಮಾಲೀಕತ್ವದ ಕಾಲಂಗೆ ಎಷ್ಟು ಬೆಲೆ ಕೊಡಬೇಕು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಕೃಷ್ಣಮೂರ್ತಿಪುರಂ ಮೇಷ್ಟ್ರು (ಶನಿವಾರ, ಮೈಸೂರಿನ ಬೆಳಿಗ್ಗೆ)

ತಾಯಿ, ತಂದೆಯವರು ಬೇಗ ಗುಣಮುಖರಾಗಲಿ. ನನಗೊಂದು ಗೊಂದಲ. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಹೋಗುವ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ನೀವು ಹೇಳುತ್ತಿರುವುದು ವೃದ್ಧಾಶ್ರಮವೇ? ಒಂಬತ್ತು ವರ್ಷ ಜೊತೆಗಿಟ್ಟುಕೊಂಡ ತಂದೆಯನ್ನು ಈಗ ಅಲ್ಲಿಗೆ ಬಿಡುವುದು ಅನಿವಾರ್ಯವೇ? ನೋಯಿಸಲು ಕೇಳುತ್ತಿಲ್ಲ. ನನಗೂ ವಯಸ್ಸಾಯಿತು, ಮಗ ಆ ಕಡೆಯೇ ಇದ್ದಾನೆ, ಅದಕ್ಕೆ ಕೇಳಿದೆ.

ರಾತ್ರಿ ಪಾಳಿಯ ನರ್ಸ್ (ಶುಕ್ರವಾರ ತಡರಾತ್ರಿ)

ಮೇಷ್ಟ್ರೇ, ಮೊದಲು ನಿಮಗೆ ಉತ್ತರಿಸುತ್ತೇನೆ. ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಆಸ್ಪತ್ರೆ ಮತ್ತು ಮನೆಯ ನಡುವಿನ ಜಾಗ. ಲಕ್ವ ಹೊಡೆದವರಿಗೆ, ಸೊಂಟದ ಮೂಳೆ ಮುರಿದವರಿಗೆ ದಿನವೂ ವ್ಯಾಯಾಮ ಚಿಕಿತ್ಸೆ, ಔಷಧ, ಶುಶ್ರೂಷೆ ಕೊಟ್ಟು ಮನೆಗೆ ಕಳಿಸುವುದು ಒಂದು ಕೆಲಸ. ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವೇ ಇಲ್ಲದವರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಇನ್ನೊಂದು. ಎರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತವೆ. ಈ ಮಗಳು ತಂದೆಯನ್ನು ಬಿಡುತ್ತಿಲ್ಲ. ಎಬ್ಬಿಸಿ ನಿಲ್ಲಿಸಲು ಕಳಿಸುತ್ತಿದ್ದಾಳೆ. ಅರವತ್ತೈದು ಕಿಲೋ ತೂಕದ, ಒಂದು ಪಕ್ಕ ಸ್ವಾಧೀನವಿಲ್ಲದ ಮನುಷ್ಯನನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದು ಇಬ್ಬರು ತರಬೇತಿ ಪಡೆದವರ ಕೆಲಸ. ಇಪ್ಪತ್ತಾರು ವರ್ಷ ಇಲಿನಾಯ್‌ನಲ್ಲಿ ನಾನು ಅದನ್ನೇ ಮಾಡಿದ್ದೇನೆ.

ಈಗ ರಾರಿಟನ್‌ನ ತಂಗಿಗೆ. ಐದು ಸ್ಟಾರ್ ಎಂಬುದು ಮೂರು ಬೇರೆ ಬೇರೆ ಅಂಕಗಳ ಗಂಟು. ಗಂಟು ಬಿಚ್ಚದೆ ತೂಗಬೇಡ.

ಒಟ್ಟು ಅಂಕ ಶುರುವಾಗುವುದು ತಪಾಸಣೆಯಿಂದ. ಅದರ ಮೇಲೆ, ಸಿಬ್ಬಂದಿಗೆ 5 ಸ್ಟಾರ್ ಇದ್ದರೆ ಒಂದು ಸೇರುತ್ತದೆ, 1 ಇದ್ದರೆ ಒಂದು ಕಳೆಯುತ್ತದೆ. 2, 3, 4 ಇದ್ದರೆ ಏನೂ ಆಗುವುದಿಲ್ಲ. ಆಮೇಲೆ ಗುಣಮಟ್ಟದ ಅಳತೆಗೂ ಅದೇ ರೀತಿ, 5 ಇದ್ದರೆ ಒಂದು ಹೆಚ್ಚು, 1 ಇದ್ದರೆ ಒಂದು ಕಡಿಮೆ. ನಿನ್ನ "ಅ"ಗೆ ತಪಾಸಣೆ 4, ಸಿಬ್ಬಂದಿಯಿಂದ ಕೂಡಿದ್ದೂ ಇಲ್ಲ ಕಳೆದದ್ದೂ ಇಲ್ಲ, ಅಳತೆಯಿಂದ ಒಂದು ಸೇರಿ 5. ಸಿಬ್ಬಂದಿ ಎರಡೇ ಸ್ಟಾರ್ ಆದರೂ ಹೆಬ್ಬಾಗಿಲಿಗೆ ಐದು ಸ್ಟಾರ್ ಬ್ಯಾನರ್ ಕಟ್ಟಬಹುದು.

ಇನ್ನು ಪ್ರತಿ ಅಂಕ ಎಲ್ಲಿಂದ ಬರುತ್ತದೆ ಎಂದು ಕೇಳು. ತಪಾಸಣೆಯನ್ನು ಮಾಡುವವರು ರಾಜ್ಯದ ಅಧಿಕಾರಿಗಳು. ಸುಮಾರು ವರ್ಷಕ್ಕೊಮ್ಮೆ ಮುನ್ಸೂಚನೆ ಇಲ್ಲದೆ ಬಂದು ಹಲವು ದಿನ ಕೂತು ನೋಡುತ್ತಾರೆ, ದೂರು ಬಂದಾಗಲೂ ಬರುತ್ತಾರೆ. ಇದು ಹೊರಗಿನವರ ಕಣ್ಣು, ಹಾಗಾಗಿ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಆದರೆ ಸ್ಟಾರ್ ಹಂಚುವುದು ಆಯಾ ರಾಜ್ಯದೊಳಗಿನ ಹೋಲಿಕೆಯ ಮೇಲೆ. ಮೇಲಿನ ಶೇ. 10 ಹೋಮ್‌ಗಳಿಗೆ ಐದು, ಕೆಳಗಿನ ಶೇ. 20ಕ್ಕೆ ಒಂದು, ಉಳಿದವರಿಗೆ 2, 3, 4 ಸಮಪಾಲಾಗಿ. ಎಲ್ಲರೂ ಕಡಿಮೆ ಓದಿದ ತರಗತಿಯಲ್ಲೂ ಮೊದಲ ರ‍್ಯಾಂಕ್ ಯಾರಿಗಾದರೂ ಸಿಗುತ್ತದಲ್ಲ, ಹಾಗೆ. ನ್ಯೂಜೆರ್ಸಿಯ ನಾಲ್ಕನ್ನು ಪೆನ್ಸಿಲ್ವೇನಿಯಾದ ನಾಲ್ಕರ ಪಕ್ಕದಲ್ಲಿಟ್ಟು ನೋಡಬೇಡ.

ಸಿಬ್ಬಂದಿಯ ಲೆಕ್ಕ ಮೊದಲು ಹೋಮ್‌ನವರೇ ಬರೆದುಕೊಟ್ಟದ್ದಾಗಿತ್ತು. ತಪಾಸಣೆಗೆ ಮುಂಚಿನ ಎರಡು ವಾರದ್ದು ಮಾತ್ರ. ಆ ಎರಡು ವಾರ ಎಷ್ಟು ಜನ ಹೊಸಬರು ಕಾಣಿಸಿಕೊಳ್ಳುತ್ತಿದ್ದರು ಎಂದು ನಾನು ನೋಡಿದ್ದೇನೆ. 2018ರಿಂದ ಸಂಬಳದ ದಾಖಲೆಯಿಂದಲೇ ದಿನದಿನದ ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. 2022ರಲ್ಲಿ ವಾರಾಂತ್ಯದ ಸಿಬ್ಬಂದಿ ಎಷ್ಟು, ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟು ಹೋದರು ಎಂಬುದೂ ಸೇರಿತು. ಈ ಎರಡು ಅಂಕಿಗಳನ್ನು ಬೇರೆಯಾಗಿ ತೆರೆದು ನೋಡು.

ಮೂರನೆಯದು ಗುಣಮಟ್ಟದ ಅಳತೆ. ಎಷ್ಟು ಜನ ಬಿದ್ದರು, ಎಷ್ಟು ಜನರಿಗೆ ಹಾಸಿಗೆ ಹುಣ್ಣಾಯಿತು, ಎಷ್ಟು ಜನರಿಗೆ ಮಂಕು ಹಿಡಿಸುವ ಮಾತ್ರೆ ಕೊಟ್ಟರು, ಇಂಥವು. ಕೆಲವು ಅಂಕಿಗಳು ಮೆಡಿಕೇರ್ ಬಿಲ್‌ಗಳಿಂದ ಬರುತ್ತವೆ. ಬಹುಪಾಲು ಹೋಮ್‌ನವರೇ ತುಂಬಿ ಕಳಿಸುವ ಮೌಲ್ಯಮಾಪನ ಪತ್ರದಿಂದ. ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದಿದ ಹಾಗೆ.

ಡಲ್ಲಾಸ್‌ನಲ್ಲಿರುವ ಸೊಸೆ (ಶನಿವಾರ)

ಅಕ್ಕ ಹೇಳಿದ ಆ ಮೂರನೆಯ ಅಂಕದ ಬಗ್ಗೆ ನನ್ನ ಅನುಭವ ಬರೆಯಲೇಬೇಕು. ನಮ್ಮ ಅತ್ತೆಯವರು ಇದ್ದ ಜಾಗಕ್ಕೆ ಅಳತೆಯಲ್ಲಿ ಐದು ಸ್ಟಾರ್ ಇತ್ತು. ಅವರು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿಯಿತು, ಆಪರೇಷನ್ ಆಯಿತು. ಆಮೇಲೆ ದಾಖಲೆ ಕೇಳಿ ತರಿಸಿದೆವು. ಗಂಭೀರ ಗಾಯವಾಗುವಂತೆ ಬಿದ್ದರೇ ಎಂಬ ಕಾಲಂನಲ್ಲಿ "ಇಲ್ಲ" ಎಂದಿತ್ತು. ಆ ಹಾಳೆಯನ್ನು ಹಿಡಿದುಕೊಂಡು ನಾನೂ ನಮ್ಮವರೂ ಎಷ್ಟೋ ಹೊತ್ತು ಮಾತಿಲ್ಲದೆ ಕೂತಿದ್ದೆವು.

ನಮ್ಮದೊಂದೇ ಪ್ರಕರಣ ಎಂದುಕೊಂಡಿದ್ದೆ. ಅಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಪತ್ರೆಯ ಬಿಲ್‌ಗಳನ್ನೂ ಹೋಮ್‌ಗಳ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ 2020ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಗಂಭೀರ ಗಾಯವಾದ ಬೀಳುವಿಕೆಗಳಲ್ಲಿ ಶೇ. 60ಕ್ಕಿಂತ ಕಡಿಮೆ ಮಾತ್ರ ವರದಿಯಾಗಿದ್ದವು.

ಮಾತ್ರೆಯ ವಿಷಯವೂ ಹಾಗೆಯೇ. ಮರೆವಿನ ಕಾಯಿಲೆಯವರನ್ನು ಸುಮ್ಮನಿರಿಸಲು ಮನೋರೋಗದ ಮಾತ್ರೆ ಕೊಟ್ಟರೆ ಅಂಕ ಕಡಿಮೆಯಾಗುತ್ತದೆ. ಆದರೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರನ್ನು ಆ ಲೆಕ್ಕದಿಂದ ಬಿಡುತ್ತಾರೆ. ಹಾಗಾಗಿ ಎಂಬತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಸ್ಕಿಜೋಫ್ರೇನಿಯಾ ಎಂದು ಬರೆಯುವ ಹೋಮ್‌ಗಳು ಹುಟ್ಟಿಕೊಂಡವು. 2023ರಲ್ಲಿ ಕೇಂದ್ರ ಸರ್ಕಾರವೇ ಇದನ್ನು ಪರಿಶೀಲಿಸಿ, ಸುಳ್ಳು ಬರೆದವರ ಸ್ಟಾರ್ ಇಳಿಸುವುದಾಗಿ ಹೇಳಿತು.

ಟೊಲೀಡೊ ಲೆಕ್ಕಿಗ (ಶನಿವಾರ)

ಮಾಲೀಕತ್ವದ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ವೃತ್ತಿಯಿಂದ ಲೆಕ್ಕ ಪರಿಶೋಧಕ. ಅಮ್ಮ ಎರಡು ವರ್ಷ ಇಂಥ ಜಾಗದಲ್ಲಿದ್ದರು. ಆಗ ಹಟಕ್ಕೆ ಬಿದ್ದು ಓದಿದ್ದು ಇದು.

ಅಮೆರಿಕದಲ್ಲಿ ಸುಮಾರು 15,000 ನರ್ಸಿಂಗ್ ಹೋಮ್‌ಗಳಿವೆ. ಸರಿಸುಮಾರು ಹತ್ತರಲ್ಲಿ ಏಳು ಲಾಭಕ್ಕಾಗಿ ನಡೆಯುವವು, ಎರಡಕ್ಕಿಂತ ಸ್ವಲ್ಪ ಹೆಚ್ಚು ಲಾಭರಹಿತ, ಉಳಿದವು ಸರ್ಕಾರಿ. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 82 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಲೇಖನವೊಂದು ಬಂತು. ಅವುಗಳಲ್ಲಿ 40 ಲಾಭರಹಿತ ಹೋಮ್‌ಗಳ ಪರವಾಗಿ ಸ್ಪಷ್ಟವಾಗಿ ವಾಲಿದ್ದವು, 3 ಮಾತ್ರ ಲಾಭದವರ ಪರ. ಉಳಿದವು ಮಿಶ್ರ. ಸರಾಸರಿಯಲ್ಲಿ ಲಾಭರಹಿತದ ಕಡೆ ತಕ್ಕಡಿ ತೂಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ ಕಾಲಂನಲ್ಲಿರುವ ಪದ ಎಷ್ಟು ಕಡಿಮೆ ಹೇಳುತ್ತದೆ ಎಂಬುದಕ್ಕೆ ನಮ್ಮ ಊರಿನದ್ದೇ ಕಥೆ ಇದೆ. ಎಚ್‌ಸಿಆರ್ ಮ್ಯಾನರ್‌ಕೇರ್ ಎಂಬ ದೊಡ್ಡ ಸರಣಿಯ ಪ್ರಧಾನ ಕಚೇರಿ ಇಲ್ಲಿಯೇ ಇತ್ತು. 2007ರಲ್ಲಿ ಕಾರ್ಲೈಲ್ ಎಂಬ ಪ್ರೈವೇಟ್ ಇಕ್ವಿಟಿ (ಕಂಪನಿಗಳನ್ನು ಕೊಂಡು ಲಾಭಕ್ಕೆ ಮಾರುವ ಹೂಡಿಕೆದಾರರ) ಸಂಸ್ಥೆ ಅದನ್ನು ಕೊಂಡಿತು. 2011ರಲ್ಲಿ ಕಟ್ಟಡಗಳನ್ನೂ ಜಾಗವನ್ನೂ ಸುಮಾರು 610 ಕೋಟಿ ಡಾಲರ್‌ಗೆ ಇನ್ನೊಂದು ಆಸ್ತಿ ಕಂಪನಿಗೆ ಮಾರಲಾಯಿತು. ಅಂದಿನಿಂದ ಹೋಮ್‌ಗಳು ತಾವು ನಡೆಸುತ್ತಿದ್ದ ಕಟ್ಟಡಕ್ಕೇ ಬಾಡಿಗೆ ಕಟ್ಟಬೇಕಾಯಿತು. ಬಾಡಿಗೆ ಹೊರಲಾಗದೆ 2018ರಲ್ಲಿ ದಿವಾಳಿ ಅರ್ಜಿ. ಅದೇ ವರ್ಷ ಇದೇ ಊರಿನ ಪ್ರೊಮೆಡಿಕಾ ಎಂಬ ಲಾಭರಹಿತ ಸಂಸ್ಥೆ ಸರಣಿಯನ್ನು ತೆಗೆದುಕೊಂಡಿತು. ಯೋಚಿಸಿ: ಅದೇ ಕಟ್ಟಡ, ಅದೇ ಅಡುಗೆಮನೆ, ಬೆಳಗಿನ ಪಾಳಿಯಲ್ಲಿ ಅದೇ ಸಹಾಯಕಿ. ಒಂದು ದಿನ "ಲಾಭಕ್ಕಾಗಿ", ಮರುದಿನ "ಲಾಭರಹಿತ". ಕಾಲಂ ಬದಲಾಯಿತು, ಹಾಸಿಗೆಯಲ್ಲಿದ್ದವರಿಗೆ ಬದಲಾದದ್ದೇನು ಎಂದು ಕಾಲಂ ಹೇಳುವುದಿಲ್ಲ. ಆ ಲಾಭರಹಿತ ಸಂಸ್ಥೆಯೂ ಕೆಲವೇ ವರ್ಷಗಳಲ್ಲಿ ನಷ್ಟ ತಾಳಲಾರದೆ ಕೈಬಿಟ್ಟಿತು.

ಪ್ರೈವೇಟ್ ಇಕ್ವಿಟಿ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನನ್ನ ನಿದ್ದೆ ಕೆಡಿಸಿತು. ಅಂಥವರು ಕೊಂಡ ಹೋಮ್‌ಗಳಿಗೆ ಕಡಿಮೆ ಅವಧಿಗೆಂದು ಹೋದ ಮೆಡಿಕೇರ್ ರೋಗಿಗಳಲ್ಲಿ ತೊಂಬತ್ತು ದಿನದೊಳಗಿನ ಸಾವು ಸುಮಾರು ಶೇ. 10 ಹೆಚ್ಚಿತ್ತು. ರಾರಿಟನ್‌ನ ತಂಗಿಯ ತಂದೆಯವರು ಹೋಗುತ್ತಿರುವುದೂ ಅಂಥ ಕಡಿಮೆ ಅವಧಿಗೇ, ಅದಕ್ಕೆ ಇದನ್ನು ಬರೆಯಲೇಬೇಕಾಯಿತು.

ಇನ್ನೊಂದು ಮಾತು. "ನಮಗೆ ಲಾಭವೇ ಇಲ್ಲ, ಸಿಬ್ಬಂದಿ ಹೆಚ್ಚಿಸುವುದು ಹೇಗೆ" ಎಂದು ಮಾಲೀಕರು ಹೇಳುವುದನ್ನು ಕೇಳಿರುತ್ತೀರಿ. ಹಲವರು ಕಟ್ಟಡವನ್ನು ತಮ್ಮದೇ ಇನ್ನೊಂದು ಕಂಪನಿಯ ಹೆಸರಿನಲ್ಲಿಟ್ಟು ಅದಕ್ಕೆ ಬಾಡಿಗೆ ಕಟ್ಟುತ್ತಾರೆ, ತಮ್ಮದೇ ಮತ್ತೊಂದು ಕಂಪನಿಗೆ ನಿರ್ವಹಣಾ ಶುಲ್ಕ ಕೊಡುತ್ತಾರೆ. ಎಡಜೇಬಿನಿಂದ ಬಲಜೇಬಿಗೆ. ಇಲಿನಾಯ್ ರಾಜ್ಯದ ಲೆಕ್ಕಗಳನ್ನು ಆಧರಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿದ ಪ್ರಕಾರ, ಲಾಭದ ಶೇ. 63 ಭಾಗ ಹೀಗೆ ಮರೆಯಾಗುತ್ತಿತ್ತು.

ಹಾಗಾಗಿ "ಲಾಭ/ಲಾಭರಹಿತ" ಎಂಬಲ್ಲಿಗೆ ನಿಲ್ಲಬೇಡಿ. ಕೇರ್ ಕಂಪೇರ್‌ನಲ್ಲಿ ಪ್ರತಿ ಹೋಮ್‌ನ ಪುಟದಲ್ಲಿ ಮಾಲೀಕತ್ವದ ವಿವರ ತೆರೆದರೆ ಶೇ. 5 ಅಥವಾ ಹೆಚ್ಚು ಪಾಲು ಇರುವವರ ಹೆಸರುಗಳೂ ದಿನಾಂಕಗಳೂ ಸಿಗುತ್ತವೆ. ನಾನು ಮೊದಲು ನೋಡುವುದು ದಿನಾಂಕ. ಎರಡು ವರ್ಷದೊಳಗೆ ಕೈ ಬದಲಾಗಿದ್ದರೆ, ತಪಾಸಣೆಯ ಸ್ಟಾರ್‌ಗಳಲ್ಲಿ ಹಳೆಯ ಮಾಲೀಕರ ಕಾಲದ ಅಂಕವೂ ಬೆರೆತಿರುತ್ತದೆ.

ವಾಬಾಶ್ ತೀರ (ಶನಿವಾರ)

ಸರ್ಕಾರಿ ಎಂಬ ಪದದ ಬಗ್ಗೆಯೂ ಒಂದು ಎಚ್ಚರಿಕೆ. ನಮ್ಮ ಇಂಡಿಯಾನಾದಲ್ಲಿ ಬಹುಪಾಲು ನರ್ಸಿಂಗ್ ಹೋಮ್‌ಗಳು ಕಾಗದದಲ್ಲಿ ಸರ್ಕಾರದವು. ಪರವಾನಗಿ ಕೌಂಟಿ ಆಸ್ಪತ್ರೆಯ ಹೆಸರಿನಲ್ಲಿದ್ದರೆ ಕಡಿಮೆ ಆದಾಯದವರ ಸರ್ಕಾರಿ ವಿಮೆಯಾದ ಮೆಡಿಕೇಯ್ಡ್‌ನಿಂದ ಹೆಚ್ಚುವರಿ ಹಣ ಬರುತ್ತದೆ. ದಿನನಿತ್ಯ ನಡೆಸುವವರು ಮಾತ್ರ ಖಾಸಗಿ ಕಂಪನಿಯವರೇ. ನ್ಯೂಜೆರ್ಸಿಯಲ್ಲಿ ನಿಮ್ಮ "ಇ"ಯನ್ನು ಕೌಂಟಿಯೇ ತನ್ನ ನೌಕರರಿಂದ ನಡೆಸುತ್ತಿದೆಯೇ, ಹೊರಗಿನವರಿಗೆ ಗುತ್ತಿಗೆ ಕೊಟ್ಟಿದೆಯೇ, ಇಷ್ಟನ್ನು ಫೋನ್ ಮಾಡಿ ಕೇಳಿ. ಮಾರುವ ಯೋಚನೆ ಇದೆಯೇ ಎಂಬುದನ್ನೂ ಕೇಳಿ. ಎಷ್ಟೋ ಕೌಂಟಿಗಳು ಹೊರೆ ಎಂದು ಮಾರಿಬಿಟ್ಟಿವೆ.

ಕೊಲಂಬಸ್‌ನ ತುಮಕೂರಿನವನು (ಶನಿವಾರ)

ಲೆಕ್ಕಿಗರ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಂದು ಮಾತು. ನಮ್ಮ ಅಮ್ಮ ಕೊನೆಯ ಹದಿನಾಲ್ಕು ತಿಂಗಳು ಇದ್ದದ್ದು ಲಾಭಕ್ಕಾಗಿ ನಡೆಯುವ ಹೋಮ್‌ನಲ್ಲೇ. ಗಂಡ ಹೆಂಡತಿ ಇಬ್ಬರೇ ಮಾಲೀಕರು, ಅರವತ್ತು ಹಾಸಿಗೆ. ಮಾಲೀಕರಾಕೆ ದಿನಾ ಬೆಳಿಗ್ಗೆ ಏಳಕ್ಕೆ ಪ್ರತಿ ಕೋಣೆಗೂ ಬರುತ್ತಿದ್ದರು. ಅಮ್ಮ ಮೊಸರನ್ನ ಬಿಟ್ಟು ಬೇರೇನೂ ತಿನ್ನುತ್ತಿಲ್ಲ ಎಂದು ಗೊತ್ತಾದ ಮೇಲೆ ಅನ್ನವನ್ನು ಮುದ್ದೆಯಾಗುವಷ್ಟು ಬೇಯಿಸುವುದು ಹೇಗೆ ಎಂದು ನನ್ನ ಹೆಂಡತಿಯಿಂದ ಕೇಳಿ ಬರೆದುಕೊಂಡರು. ಲಾಭದ ಮಾಲೀಕರೆಲ್ಲ ಒಂದೇ ಎಂದು ಓದುಗರು ತಿಳಿದುಕೊಳ್ಳಬಾರದು ಎಂದು ಬರೆದೆ.

ಟೊಲೀಡೊ ಲೆಕ್ಕಿಗ

ಒಪ್ಪಿದೆ ಸರ್. ಕೇಳಬೇಕಾದದ್ದು ಅದನ್ನೇ: ಮಾಲೀಕರು ಕಟ್ಟಡದೊಳಗೆ ನಡೆದಾಡುತ್ತಾರೆಯೇ, ಅಥವಾ ಬೇರೆ ರಾಜ್ಯದಲ್ಲಿ ಕೂತು ತಿಂಗಳ ವರದಿ ಮಾತ್ರ ನೋಡುತ್ತಾರೆಯೇ?

ರಾರಿಟನ್ ದಂಡೆಯವಳು (ಶನಿವಾರ ಸಂಜೆ)

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಮೇಷ್ಟ್ರೇ, ನೀವು ಕೇಳಿದ್ದರಿಂದ ನೋವಾಗಲಿಲ್ಲ. ಅದೇ ಪ್ರಶ್ನೆಯನ್ನು ಬೆಳಿಗ್ಗೆ ಅಪ್ಪನೇ ಕೇಳಿದರು. "ನಿಲ್ಲುವುದನ್ನು ಕಲಿಸುವ ಶಾಲೆ" ಎಂದೆ. "ಹಾಸ್ಟೆಲ್ ಊಟ ಹೇಗಿದೆಯೋ ವಿಚಾರಿಸು" ಎಂದರು.

"ಅ" ಹೋದ ವರ್ಷ ಕೈ ಬದಲಾಗಿದೆ. ಮಾಲೀಕರ ಪಟ್ಟಿಯಲ್ಲಿ ಐದಾರು ಕಂಪನಿಗಳ ಹೆಸರಿದೆ, ಒಬ್ಬ ಮನುಷ್ಯನ ಹೆಸರೂ ಪರಿಚಿತವಾಗಿ ಕಾಣುವುದಿಲ್ಲ. ವಾರಾಂತ್ಯದ ಸಿಬ್ಬಂದಿ ವಾರದ ದಿನಗಳಿಗಿಂತ ಬಹಳ ಕಡಿಮೆ. ನಾಳೆ ಮೂರೂ ಕಡೆ ಹೋಗಿ ಬರುತ್ತೇನೆ. ಏನನ್ನು ನೋಡಬೇಕು ಅಕ್ಕಾ?

ರಾತ್ರಿ ಪಾಳಿಯ ನರ್ಸ್ (ಶನಿವಾರ ರಾತ್ರಿ)

ಭಾನುವಾರ ಸಂಜೆ ಊಟದ ಹೊತ್ತಿಗೆ ಹೋಗು. ವಾರದ ದಿನ ಬೆಳಿಗ್ಗೆ ಹೋದರೆ ಸ್ವಾಗತ ಕೋಣೆಯ ಹೂದಾನಿ ತೋರಿಸುತ್ತಾರೆ. ಭಾನುವಾರ ಸಂಜೆ ನಿಜವಾದ ಹೋಮ್ ಕಾಣುತ್ತದೆ.

ಕರೆಗಂಟೆಯ ದೀಪ ಹೊತ್ತಿಕೊಂಡದ್ದು ಕಂಡರೆ ಗಡಿಯಾರ ನೋಡಿಕೋ. ಊಟದ ತಟ್ಟೆ ಮುಂದಿದ್ದೂ ತಾವಾಗಿ ತಿನ್ನಲಾರದವರ ಪಕ್ಕದಲ್ಲಿ ಯಾರಾದರೂ ಕೂತಿದ್ದಾರೆಯೇ ನೋಡು. ತಟ್ಟೆ ತಣ್ಣಗಾಗುತ್ತಿದ್ದರೆ ಬೇರೆ ಯಾವ ಅಂಕಿಯೂ ಬೇಡ. ಕಾರಿಡಾರಿನಲ್ಲಿ ಸಿಕ್ಕ ನರ್ಸಿಂಗ್ ಸಹಾಯಕಿಯನ್ನು, ನಮ್ಮಲ್ಲಿ ಆಯಾ ಎನ್ನುತ್ತೇವಲ್ಲ ಅವರನ್ನು, ಎರಡೇ ಪ್ರಶ್ನೆ ಕೇಳು: ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಈ ಪಾಳಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ಜನ? ಹತ್ತು ಎಂದರೆ ಸಮಾಧಾನ. ಹದಿನೆಂಟು ಎಂದರೆ, ಅವಳು ಎಷ್ಟೇ ಒಳ್ಳೆಯವಳಾದರೂ ನಿನ್ನ ತಂದೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಅವಳಿಂದಾಗದು.

ಕಾನೂನು ಕಾಪಾಡುತ್ತದೆ ಎಂದು ನಂಬಿ ಕೂರಬೇಡ. ಒಬ್ಬ ರೋಗಿಗೆ ದಿನಕ್ಕೆ ಒಟ್ಟು 3.48 ಗಂಟೆಯ ಶುಶ್ರೂಷೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ನೋಂದಾಯಿತ ನರ್ಸ್ ಇರಬೇಕು ಎಂದು 2024ರಲ್ಲಿ ನಿಯಮ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಕೇಂದ್ರ ನ್ಯಾಯಾಲಯ ಅದನ್ನು ರದ್ದು ಮಾಡಿತು, ಜುಲೈನಲ್ಲಿ ಸಂಸತ್ತು 2034ರವರೆಗೆ ಜಾರಿ ಮಾಡಬಾರದೆಂದು ಕಾಯ್ದೆ ಮಾಡಿತು. ಆ ನಿಯಮ ಬಂದ ದಿನ ನಾವು ನರ್ಸುಗಳು ಒಬ್ಬರಿಗೊಬ್ಬರು ಫೋನ್ ಮಾಡಿ ಸಂತೋಷಪಟ್ಟಿದ್ದೆವು. ಈಗ ಉಳಿದಿರುವುದು 1987ರ ಕಾಯ್ದೆ: ದಿನಕ್ಕೆ ಎಂಟು ಗಂಟೆ ಒಬ್ಬ ನೋಂದಾಯಿತ ನರ್ಸ್, ಉಳಿದ ಹೊತ್ತು ಪರವಾನಗಿ ಇರುವ ಯಾರಾದರೂ ನರ್ಸ್. ರಾಜ್ಯಗಳು ತಮ್ಮದೇ ಹೆಚ್ಚಿನ ನಿಯಮ ಇಟ್ಟುಕೊಂಡಿರಬಹುದು, ಅಷ್ಟೆ.

ಇನ್ನೊಂದು: ತಪಾಸಣಾ ವರದಿಯನ್ನು ಹೋಮ್‌ನವರು ಯಾರು ಬೇಕಾದರೂ ಓದುವಂತೆ ಇಟ್ಟಿರಬೇಕು. ಸಾಮಾನ್ಯವಾಗಿ ಹೆಬ್ಬಾಗಿಲ ಬಳಿ ಒಂದು ಫೈಲು. ಪ್ರತಿ ಲೋಪಕ್ಕೂ ಇಂಗ್ಲಿಷ್‌ನ ಎ ಯಿಂದ ಎಲ್ ವರೆಗಿನ ಅಕ್ಷರವೊಂದನ್ನು ಕೊಟ್ಟಿರುತ್ತಾರೆ. ಡಿ, ಇ, ಎಫ್ ಎಂದರೆ ಹಾನಿಯಾಗಿಲ್ಲ, ಆಗಬಹುದಿತ್ತು. ಜಿ, ಎಚ್, ಐ ಎಂದರೆ ಒಬ್ಬರಿಗಾದರೂ ನಿಜವಾದ ಹಾನಿ. ಜೆ, ಕೆ, ಎಲ್ ಎಂದರೆ ಪ್ರಾಣಕ್ಕೇ ಕುತ್ತು. ಡಿ ಇರದ ಹೋಮ್ ಸಿಗುವುದು ಕಷ್ಟ, ಅದಕ್ಕೆ ಹೆದರಬೇಡ. ಜಿ ಕಂಡರೆ ಕೂತು ಪೂರ್ತಿ ಓದು. ತಾಣದಲ್ಲಿ ಯಾವುದಾದರೂ ಹೋಮ್‌ನ ಹೆಸರಿನ ಪಕ್ಕ ಕೆಂಪು ವೃತ್ತದೊಳಗೆ ಕೈ ಚಿಹ್ನೆ ಇದ್ದರೆ ಅದು ದೌರ್ಜನ್ಯಕ್ಕೆ ಸಂಬಂಧಿಸಿದ್ದು, ಆ ಕಡೆ ತಿರುಗಿ ನೋಡಬೇಡ.

ಡಲ್ಲಾಸ್‌ನಲ್ಲಿರುವ ಸೊಸೆ

ಸೇರಿಸುವಾಗ ಸಹಿ ಹಾಕುವ ಕಾಗದಗಳ ಬಗ್ಗೆ. ಎರಡು ಬಲೆಗಳಿವೆ. ಒಂದು, ವ್ಯಾಜ್ಯ ಬಂದರೆ ನ್ಯಾಯಾಲಯಕ್ಕೆ ಹೋಗದೆ ಮಧ್ಯಸ್ಥಿಕೆಗೆ ಒಪ್ಪುತ್ತೇನೆ ಎಂಬ ಕಾಗದ. ಅದಕ್ಕೆ ಸಹಿ ಹಾಕಿದರೆ ಮಾತ್ರ ಹಾಸಿಗೆ ಎನ್ನುವಂತಿಲ್ಲ. 2019ರಿಂದ ಅದು ಕೇಂದ್ರದ ನಿಯಮ. ಹಾಕಿಬಿಟ್ಟಿದ್ದರೂ ಮೂವತ್ತು ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಎರಡು, ಹಣಕ್ಕೆ ನಾನೇ ಜವಾಬ್ದಾರಿ ಎಂದು ಮಗಳಿಂದ ಬರೆಸಿಕೊಳ್ಳುವುದು. ಅದನ್ನೂ ಅವರು ಷರತ್ತಾಗಿ ಕೇಳುವಂತಿಲ್ಲ. ನಿಮ್ಮ ಹೆಸರಿನಲ್ಲಿ ಸಹಿ ಹಾಕಬೇಡಿ, ತಂದೆಯ ಪರವಾಗಿ ಎಂದು ಬರೆದು ಹಾಕಿ.

ಟೊಲೀಡೊ ಲೆಕ್ಕಿಗ

ಹಣದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮೆಡಿಕೇರ್ ಕೊಡುವುದು ಹೆಚ್ಚೆಂದರೆ ನೂರು ದಿನ. ಮೊದಲ ಇಪ್ಪತ್ತು ಪೂರ್ತಿ, ಇಪ್ಪತ್ತೊಂದರಿಂದ ದಿನವೂ ನಮ್ಮ ಪಾಲು ಇರುತ್ತದೆ. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮೂರು ದಿನ ದಾಖಲಾಗಿರಬೇಕು. ವಾರ್ಡಿನಲ್ಲಿ ಮಲಗಿದ್ದರೂ ಕಾಗದದಲ್ಲಿ "ನಿಗಾ" ಎಂದಿದ್ದರೆ ಆ ದಿನ ಲೆಕ್ಕಕ್ಕೆ ಬರುವುದಿಲ್ಲ. ಸೋಮವಾರದೊಳಗೆ ಇದನ್ನು ಖಚಿತ ಮಾಡಿಕೊಳ್ಳಿ.

ನೂರನೆಯ ದಿನದ ಆಚೆಗೂ ಇರಬೇಕಾದರೆ ಮೆಡಿಕೇರ್ ಇಲ್ಲ. ಕೈಯಿಂದ ಕಟ್ಟಬೇಕು, ಇಲ್ಲವೇ ಮೆಡಿಕೇಯ್ಡ್. ಗ್ರೀನ್ ಕಾರ್ಡಿನ ಐದು ವರ್ಷದ ತಡೆ ನಿಮ್ಮ ತಂದೆಯವರಿಗೆ ಮುಗಿದಿದೆ, ಆದಾಯ ಆಸ್ತಿಗಳ ಮಿತಿ ಮಾತ್ರ ಬಹಳ ಕಠಿಣ. ಮೆಡಿಕೇಯ್ಡ್ ತೆಗೆದುಕೊಳ್ಳುವ ಹಾಸಿಗೆ ಅದೇ ಹೋಮ್‌ನಲ್ಲಿ ಇದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಕೃಷ್ಣಮೂರ್ತಿಪುರಂ ಮೇಷ್ಟ್ರು

ಇದನ್ನೆಲ್ಲ ಓದುತ್ತಾ ಕೂತಿದ್ದೆ. ನಮ್ಮ ಊರಿನ ವೃದ್ಧಾಶ್ರಮಗಳಲ್ಲಿ ಒಬ್ಬ ಆಯಾಳ ಪಾಲಿಗೆ ಎಷ್ಟು ಜನ ಎಂದು ಎಲ್ಲಿ ನೋಡಬೇಕು? ಹೊರಗಿನವರು ಬಂದು ಬರೆದ ವರದಿಯ ಫೈಲು ಹೆಬ್ಬಾಗಿಲಲ್ಲಿ ಇರುವುದನ್ನು ನಾನಂತೂ ಕಂಡಿಲ್ಲ. ನಿಮ್ಮ ಸ್ಟಾರ್‌ಗಳಲ್ಲಿ ದೋಷ ಇರಬಹುದು. ದೋಷ ಇದೆ ಎಂದು ಲೆಕ್ಕ ಹಾಕಿ ತೋರಿಸುವಷ್ಟಾದರೂ ಅಂಕಿಗಳು ನಿಮ್ಮ ಕೈಯಲ್ಲಿವೆ. ಭಾನುವಾರ ನಾನು ನನ್ನ ಗೆಳೆಯನಿರುವ ಆಶ್ರಮಕ್ಕೆ ಹೋಗಿ ಆ ಎರಡು ಪ್ರಶ್ನೆಗಳನ್ನು ಕೇಳಿ ಬರುತ್ತೇನೆ.

ರಾರಿಟನ್ ದಂಡೆಯವಳು (ಭಾನುವಾರ ರಾತ್ರಿ)

ಮೂರೂ ಕಡೆ ಹೋಗಿ ಬಂದೆ.

"ಅ"ದಲ್ಲಿ ನೆಲ ಕನ್ನಡಿಯಂತಿತ್ತು, ಪಿಯಾನೋ ಇತ್ತು. ಎರಡನೆಯ ಮಹಡಿಯಲ್ಲಿ ಒಂದು ಕರೆಗಂಟೆಯ ದೀಪ ಹತ್ತಿ ಇಪ್ಪತ್ತೆರಡು ನಿಮಿಷವಾದರೂ ಯಾರೂ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕರೆದೆ. ಸಹಾಯಕಿ ಏದುಸಿರು ಬಿಡುತ್ತಾ ಬಂದಳು. ಅವಳ ಪಾಲಿಗೆ ಹದಿನೇಳು ಜನ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಕಣ್ಣು ಕೆಂಪಾಗಿತ್ತು, ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಫೈಲು ಕೇಳಿದರೆ "ಸೋಮವಾರ ಕಚೇರಿಯವರನ್ನು ಕೇಳಿ" ಎಂದರು.

"ಆ" ನಿಜಕ್ಕೂ ಚೆನ್ನಾಗಿತ್ತು. ಹಾಸಿಗೆ ಖಾಲಿಯಾಗುವುದು ಇನ್ನು ಹತ್ತು ದಿನಕ್ಕೆ.

"ಇ"ಯ ಗೋಡೆಯ ಬಣ್ಣ ಎದ್ದಿದೆ, ಕುರ್ಚಿಗಳು ಹಳೆಯವು. ಊಟದ ಕೋಣೆಯಲ್ಲಿ ತಿನ್ನಿಸಬೇಕಾದ ಏಳು ಜನರ ಪಕ್ಕದಲ್ಲಿ ನಾಲ್ಕು ಮಂದಿ ಕೂತಿದ್ದರು. ಒಬ್ಬಾಕೆ ಹದಿಮೂರು ವರ್ಷದಿಂದ ಅಲ್ಲೇ ಇದ್ದಾರಂತೆ, ಪಾಲಿಗೆ ಒಂಬತ್ತು ಜನ, ಒಂಬತ್ತೂ ಜನರ ಹೆಸರು ಹೇಳಿದರು. ಎಲ್ಲರೂ ಕೌಂಟಿಯ ನೌಕರರೇ, ಗುತ್ತಿಗೆ ಇಲ್ಲ. ಫೈಲು ಬಾಗಿಲ ಪಕ್ಕದಲ್ಲೇ ನೇತುಹಾಕಿತ್ತು. ಡಿ ಅಕ್ಷರದ ಲೋಪ ನಾಲ್ಕು, ಇ ಅಕ್ಷರದ್ದು ಒಂದು: ಊಟ ಸಾಕಷ್ಟು ಬಿಸಿ ಇರಲಿಲ್ಲ, ಆರೈಕೆ ಯೋಜನೆ ಬರೆಯುವುದು ತಡವಾಯಿತು, ಇಂಥವು. ಮಾರುವ ಮಾತು ಎರಡು ವರ್ಷದ ಹಿಂದೆ ಕೌಂಟಿ ಸಭೆಯಲ್ಲಿ ಬಂದು ಜನ ವಿರೋಧಿಸಿ ನಿಂತಿತಂತೆ. ಮತ್ತೆ ಬರಬಹುದು ಎಂದು ಆಕೆಯೇ ಹೇಳಿದರು.

ನಾಳೆ ಬೆಳಿಗ್ಗೆ "ಇ" ಎಂದು ಹೇಳುತ್ತೇನೆ. ಒಟ್ಟು ಅಂಕವನ್ನಷ್ಟೇ ನೋಡಿದ್ದರೆ ಮೂರರಲ್ಲಿ ಕೊನೆಯದು.

ರಾತ್ರಿ ಪಾಳಿಯ ನರ್ಸ್

ಒಳ್ಳೆಯದಾಯಿತು. ಸೇರಿದ ನಲವತ್ತೆಂಟು ಗಂಟೆಯೊಳಗೆ ಅವರು ಪ್ರಾಥಮಿಕ ಆರೈಕೆ ಯೋಜನೆ ಬರೆಯಬೇಕು, ಅದರ ಸಾರಾಂಶ ಕೇಳಿ ಪಡೆದುಕೋ. ಸಸ್ಯಾಹಾರ ಎಂದಷ್ಟೇ ಬರೆಸಿದರೆ ದಿನಾ ಬೆಂದ ಬ್ರೊಕೊಲಿ ಬರುತ್ತದೆ. ಮೊಟ್ಟೆ ಇಲ್ಲ, ಮಾಂಸದ ಸಾರು ಇಲ್ಲ, ಅನ್ನ ಮೊಸರು ಬೇಕು ಎಂದು ಬಿಡಿಸಿ ಬರೆಸು. ತಂದೆಯವರಿಗೆ ಆಯಾಸವಾದಾಗ ಬಾಯಿಗೆ ಬರುವುದು ಕನ್ನಡವೇ. ನೀರು, ನೋವು, ಬಚ್ಚಲು, ಚಳಿ, ಸಾಕು, ಹೀಗೆ ಹತ್ತು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥದೊಂದಿಗೆ ದೊಡ್ಡದಾಗಿ ಬರೆದು ಹಾಸಿಗೆಯ ತಲೆಯ ಬಳಿ ಅಂಟಿಸು. ನಾನು ಕೆಲಸ ಮಾಡಿದ ಕಡೆ ಪೋಲೆಂಡಿನ ಅಜ್ಜಿಯರಿಗೆ ಹೀಗೆ ಮಾಡುತ್ತಿದ್ದೆವು. ಏನಾದರೂ ತಕರಾರು ಬಂದು ಒಳಗೆ ಬಗೆಹರಿಯದಿದ್ದರೆ ರಾಜ್ಯದ ದೀರ್ಘಾವಧಿ ಆರೈಕೆಯ ಓಂಬುಡ್ಸ್‌ಮನ್‌ಗೆ (ರೋಗಿಗಳ ದೂರು ಕೇಳುವವರಿಗೆ) ಫೋನ್ ಮಾಡು. ಶುಲ್ಕವಿಲ್ಲ, ಆ ಸಂಖ್ಯೆ ಗೋಡೆಯ ಮೇಲೇ ಇರಬೇಕು.

ರಾರಿಟನ್ ದಂಡೆಯವಳು (ಮೂರು ವಾರದ ನಂತರ)

ಹಲವರು ವಿಚಾರಿಸಿದ್ದಕ್ಕೆ ಬರೆಯುತ್ತಿದ್ದೇನೆ. ಅಪ್ಪ ನಿನ್ನೆ ಕಂಬಿ ಹಿಡಿದು ಒಂದೂವರೆ ನಿಮಿಷ ನಿಂತರು. ಪದಗಳ ಹಾಳೆ ಗೋಡೆಯಲ್ಲಿದೆ, ಹದಿಮೂರು ವರ್ಷದ ಅನುಭವದ ಆ ಸಹಾಯಕಿ "ಸಾಕಾ?" ಎಂದು ಕೇಳುವುದನ್ನು ಕಲಿತಿದ್ದಾರೆ, ಅಪ್ಪ "ಇನ್ನೂ ಸ್ವಲ್ಪ" ಎಂದು ಉತ್ತರಿಸುತ್ತಾರೆ. ಎಲ್ಲವೂ ಸುಸೂತ್ರ ಎಂದಲ್ಲ. ಎರಡು ರಾತ್ರಿ ಕರೆಗಂಟೆ ಒತ್ತಿದ ಮೇಲೆ ತಡವಾಗಿ ಬಂದರು, ಒಮ್ಮೆ ಮಾತ್ರೆ ತಪ್ಪಿತು. ಬರೆದುಕೊಟ್ಟೆ, ಮೇಲ್ವಿಚಾರಕಿ ಮರುದಿನವೇ ಕರೆದು ಮಾತಾಡಿದರು.

ಒಂದು ಹೊಸ ಚಿಂತೆ. "ಸುಧಾರಣೆ ನಿಂತರೆ ಮೆಡಿಕೇರ್ ನಿಲ್ಲುತ್ತದೆ" ಎಂದು ಬಿಲ್ಲಿಂಗ್ ವಿಭಾಗದವರು ಹೇಳುತ್ತಿದ್ದಾರೆ. ಇದು ನಿಜವೇ?

ಟೊಲೀಡೊ ಲೆಕ್ಕಿಗ

ನಿಜವಲ್ಲ. 2013ರಲ್ಲಿ ಜಿಮ್ಮೊ ಎಂಬ ನ್ಯಾಯಾಲಯದ ಪ್ರಕರಣದ ಒಪ್ಪಂದದಲ್ಲಿ ಮೆಡಿಕೇರ್‌ನವರೇ ಇದನ್ನು ಸ್ಪಷ್ಟಪಡಿಸಿದ್ದಾರೆ. ಇದ್ದ ಸ್ಥಿತಿ ಕೆಡದಂತೆ ಕಾಯಲು ಪರಿಣತರ ಆರೈಕೆ ಬೇಕಿದ್ದರೂ ಸಾಕು, ನೂರು ದಿನದ ಮಿತಿಯೊಳಗೆ ಕೊಡಬೇಕು. ಆ ಒಪ್ಪಂದದ ಹೆಸರು ಹೇಳಿ, ನಿಲ್ಲಿಸುವ ನೋಟಿಸನ್ನು ಲಿಖಿತವಾಗಿ ಕೇಳಿ. ಅದು ಕೈಗೆ ಬಂದರೆ ಮೇಲ್ಮನವಿಗೆ ಇರುವ ಸಮಯ ಬಹಳ ಕಡಿಮೆ. ಯಾವ ಹೊತ್ತಿನಲ್ಲಾದರೂ ಇಲ್ಲಿ ಬರೆಯಿರಿ, ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.

ಕೃಷ್ಣಮೂರ್ತಿಪುರಂ ಮೇಷ್ಟ್ರು

ಒಂದೂವರೆ ನಿಮಿಷ! ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಗೆಳೆಯನ ಆಶ್ರಮದಲ್ಲಿ ಕೇಳಿದೆ. ರಾತ್ರಿ ಪಾಳಿಯಲ್ಲಿ ಮೂವತ್ತೊಂದು ಜನರಿಗೆ ಒಬ್ಬಳೇ ಹುಡುಗಿ. ನಾವು ನಾಲ್ವರು ನಿವೃತ್ತರು ಸೇರಿ ನಡೆಸುವವರ ಬಳಿ ಮಾತಾಡಲು ಶನಿವಾರ ಹೋಗುತ್ತಿದ್ದೇವೆ. ನರ್ಸಮ್ಮ, ಅಲ್ಲಿ ಏನೇನು ಕೇಳಬೇಕೆಂದು ಒಂದಿಷ್ಟು ಬರೆದುಕೊಡುತ್ತೀರಾ?